ನೀಲಿ ಡಬ್ಬದ ವಾರ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಅಮೆರಿಕದ ಸಿಯಾಟಲ್ ಬಳಿಯ ಓವರ್‌ಲೇಕ್‌ನಲ್ಲಿ, ಎರಡನೇ ಮಹಡಿಯ ಮನೆಯೊಂದರಲ್ಲಿ ಚಹಾ ಕುದಿಯುತ್ತಿದೆ. ಅಡುಗೆಮನೆಗೆ ಅಂಟಿಕೊಂಡ ಮೇಜಿನ ಮುಂದೆ ರೇಹಾನಾ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಲೋಕದ ಜನರೆಲ್ಲ ಕಂಪ್ಯೂಟರಿನ ಪರದೆ ಹೊತ್ತಿಸಿ ಕೆಲಸ ಶುರು ಮಾಡುತ್ತಾರೆ. ಇವರದು ಉಲ್ಟಾ. ಮೊದಲು ಪರದೆ ಆರಿಸುತ್ತಾರೆ, ಆಮೇಲೆ ಮೌಸನ್ನು ಡ್ರಾಯರಿನೊಳಗೆ ಹಾಕಿ ಮುಚ್ಚುತ್ತಾರೆ. ಇನ್ನು ಉಳಿದದ್ದು ಕೀಬೋರ್ಡು ಮತ್ತು ಎರಡು ಕಿವಿ.

ಆ ಕಿವಿಯಲ್ಲಿ ಯಂತ್ರದ ದನಿಯೊಂದು ಬಸ್ಸು ತಪ್ಪುತ್ತದೆ ಎನ್ನುವವರ ಹಾಗೆ ಓಡುತ್ತಿದೆ. ಹೊಸಬರಿಗೆ ಒಂದು ಪದವೂ ಹಿಡಿಯುವುದಿಲ್ಲ. ಇದು ಸ್ಕ್ರೀನ್ ರೀಡರ್, ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ಆರು ಗಂಟೆಗೆ ಕಸದ ಲಾರಿಗಳು ಹೊರಡುತ್ತವೆ. ಅದಕ್ಕೆ ಮೊದಲು ಆ ದಿನದ ಸೂಚನೆ ಕಂಪನಿಯ ವೆಬ್‌ಸೈಟಿಗೆ ಏರುತ್ತದೆ: ಯಾವ ರಸ್ತೆಗೆ ಮರ ಬಿದ್ದಿದೆ, ಯಾವ ಬಡಾವಣೆಗೆ ಲಾರಿ ತಡ. ಅದು ಕಿವಿಗೂ ಸರಿಯಾಗಿ ತಲುಪುತ್ತದೆಯೇ ಎಂದು ದಿನಾ ನೋಡುವವರು, ಅಲ್ಲ, ಕೇಳುವವರು ರೇಹಾನಾ.

"ಸ್ಕ್ರೀನ್ ಆನ್ ಇದ್ರೆ ಮೋಸ ಆಗುತ್ತೆ. ಕಣ್ಣು ಸುಮ್ನಿರಲ್ಲ ನೋಡಿ, ಮಧ್ಯ ಬಂದು ಸಹಾಯ ಮಾಡ್ಬಿಡುತ್ತೆ" ಎನ್ನುತ್ತಾರೆ ಅವರು.

ಸಿಯಾಟಲ್‌ನ ಪೂರ್ವಕ್ಕಿರುವ ನಾಲ್ಕು ಊರುಗಳ ಕಸ ಸಾಗಿಸುವ ಚಿಕ್ಕ ಕಂಪನಿ ಇವರದು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಇಲ್ಲಿ ಮನೆಗೆ ಮೂರು ಡಬ್ಬ. ಬೂದು ಬಣ್ಣದ್ದು ಮರುಬಳಕೆಗೆ ಬಾರದ ಕಸಕ್ಕೆ, ಹಸಿರು ಡಬ್ಬ ಅಡುಗೆಮನೆ ಮತ್ತು ಕೈತೋಟದ ಕಸಕ್ಕೆ. ಎರಡೂ ಪ್ರತಿ ವಾರ. ಕಾಗದ, ಬಾಟಲಿ, ರಟ್ಟು ತುಂಬುವ ನೀಲಿ ಡಬ್ಬ ಮಾತ್ರ ವಾರ ಬಿಟ್ಟು ವಾರ. ಈ ವಾರ ನೀಲಿಯೋ ಅಲ್ಲವೋ ಎಂದು ಕೇಳಿದರೆ ದೊಡ್ಡ ದೊಡ್ಡ ಸಾಫ್ಟ್‌ವೇರ್ ತಲೆಗಳೂ ಇಲ್ಲಿ ತಡಬಡಾಯಿಸುತ್ತವೆ. ನಡುವೆ ಸರ್ಕಾರಿ ರಜೆ ಬಂತೋ, ಲಾರಿ ಒಂದು ದಿನ ಮುಂದಕ್ಕೆ ಹೋಗುತ್ತದೆ. ಒಂದು ಸಲ ತಪ್ಪಿದರೆ ರಟ್ಟಿನ ಪೆಟ್ಟಿಗೆಗಳು ಇನ್ನೂ ಎರಡು ವಾರ ಗ್ಯಾರೇಜಿನಲ್ಲಿ ಠಿಕಾಣಿ ಹೂಡುತ್ತವೆ.

ರೇಹಾನಾ ಮೈಸೂರಿನ ಮಂಡಿ ಮೊಹಲ್ಲಾದವರು. ತಂದೆಗೆ ಗಡಿಯಾರ ರಿಪೇರಿಯ ಪುಟ್ಟ ಅಂಗಡಿ ಇತ್ತು. ಕಾಲೇಜಿನಲ್ಲಿ ಇವರಿಗಿಂತ ಒಂದು ವರ್ಷ ಮುಂದಿದ್ದ ಮೈತ್ರಿ ಎಂಬ ಗೆಳತಿಗೆ ದೃಷ್ಟಿ ಇರಲಿಲ್ಲ. ಪರೀಕ್ಷೆಯಲ್ಲಿ ಆಕೆ ಹೇಳುತ್ತಿದ್ದರು, ಪಕ್ಕದಲ್ಲಿ ಕೂತು ರೇಹಾನಾ ಬರೆಯುತ್ತಿದ್ದರು. ಅಲ್ಲಿ ಕಲಿತ ಪಾಠವನ್ನು ಯಾವ ಟ್ರೈನಿಂಗೂ ಕಲಿಸಲಿಲ್ಲ ಎಂದು ಈಗಲೂ ಹೇಳುತ್ತಾರೆ.

"ಹಿಸ್ಟರಿ ಪೇಪರು. ಅವಳು ಒಂದು ಇಸವಿ ತಪ್ಪು ಹೇಳಿದ್ಲು. ಪಾಪ ಅಂತ ನಾನೇ ಸರಿ ಮಾಡಿ ಬರ್ದೆ. ಹೊರಗೆ ಬಂದು ಖುಷಿಯಿಂದ ಹೇಳ್ಕೊಂಡೆ ಬೇರೆ. ಮೂರು ದಿನ ನನ್ನ ಹತ್ರ ಮಾತಾಡ್ಲಿಲ್ಲ ಅವಳು. ಆಮೇಲೆ ಅಂದ್ಲು, 'ಆ ಎರಡು ಮಾರ್ಕ್ಸು ನಿನ್ನದು ಕಣೇ, ನನ್ನದಲ್ಲ. ನನ್ನ ತಪ್ಪನ್ನಾದ್ರೂ ನನಗೆ ಬಿಡು.'"

ಮದುವೆಯಾಗಿ ಗಂಡ ಪೀರ್ ಪಾಷಾ ಜೊತೆ ಈ ಊರಿಗೆ ಬಂದರು. ಮಗಳು ಆಯತ್ ಹುಟ್ಟಿದಳು. ಹತ್ತು ವರ್ಷ ಮನೆಯಲ್ಲೇ ಕಳೆಯಿತು. ಪಾಷಾ ಅವರದು ಸಾಫ್ಟ್‌ವೇರ್ ಕೆಲಸ, ಸುತ್ತಮುತ್ತಲಿನವರದೆಲ್ಲ ಅದೇ. ರೇಹಾನಾ ಕಸದ ಕಂಪನಿಯ ಕಾಲ್ ಸೆಂಟರಿಗೆ ಸೇರಿದಾಗ ಪರಿಚಯದ ಕೆಲವರು ಏನು ಹೇಳಬೇಕೆಂದು ತೋಚದೆ "ಓಹ್, ನೈಸ್" ಅಂದರಂತೆ. ಅದನ್ನು ಹೇಳುವಾಗ ಇವರ ಮುಖದಲ್ಲಿ ಒಂದು ತುಂಟ ನಗೆ. ದಿನಕ್ಕೆ ತೊಂಬತ್ತು ಕರೆ. ಲಾರಿ ಬಂದಿಲ್ಲ, ಡಬ್ಬ ಮುರಿದಿದೆ, ಕರಡಿ ಬಂದು ಕಸ ಚೆಲ್ಲಿದೆ.

ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಂದ ಕರೆ ಎಲ್ಲವನ್ನೂ ಬದಲಾಯಿಸಿತು. ಹಿರಿಯರೊಬ್ಬರ ದನಿ, ಬಹಳ ಅಚ್ಚುಕಟ್ಟಾದ ಇಂಗ್ಲಿಷು. ರೇಹಾನಾ ಅವರ ಖಾತೆ ಹುಡುಕುತ್ತಿರುವಾಗ ಆ ಕಡೆ, ಯಾರಿಗೂ ಅರ್ಥವಾಗದು ಎಂಬ ಧೈರ್ಯದಲ್ಲಿ, ಕನ್ನಡದ ಗೊಣಗಾಟ ಶುರುವಾಯಿತು: "ಥೂ, ಮನೆಹಾಳ ಕ್ಯಾಲೆಂಡರು."

"ಸರ್, ಕ್ಯಾಲೆಂಡರ್ ಏನ್ ಮಾಡ್ತು?" ಎಂದರು ರೇಹಾನಾ.

ಆ ಕಡೆ ಏನೋ ಕೈಜಾರಿ ಬಿದ್ದ ಸದ್ದು. ಆಮೇಲೆ, "ಅಯ್ಯೋ ತಾಯೀ! ಕನ್ನಡದವರಾ ನೀವು?"

ಅವರು ಆ ನಾಲ್ಕು ಊರುಗಳಲ್ಲೊಂದಾದ ಸಮಾಮಿಶ್‌ನ ಗೋವಿಂದರಾಜು. ಎಪ್ಪತ್ತರ ದಶಕದಲ್ಲಿ ಓದಲು ಬಂದು, ಮೂವತ್ತು ವರ್ಷ ವಿಮಾನದ ರೆಕ್ಕೆಗಳ ಲೆಕ್ಕ ಹಾಕಿ ನಿವೃತ್ತರಾದ ಎಂಜಿನಿಯರ್. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿತ್ತು. ಹಟ ಹಿಡಿದು ಸ್ಕ್ರೀನ್ ರೀಡರ್ ಕಲಿತಿದ್ದರು. ನೀಲಿ ಡಬ್ಬ ಯಾವುದೆಂದು ಕೈಗೆ ತಿಳಿಯಲಿ ಎಂದು ಹೆಂಡತಿ ಸುಶೀಲಾ ಅದರ ಹಿಡಿಕೆಗೆ ಹಳೆ ಸೀರೆಯ ಅಂಚು ಕಟ್ಟಿಕೊಟ್ಟಿದ್ದರು. ಆದರೆ ಯಾವ ವಾರ ಇಡಬೇಕು ಎಂದು ತಿಳಿಯಬೇಡವೇ? ಕಂಪನಿಯ ಕ್ಯಾಲೆಂಡರಿನಲ್ಲಿ ತಾರೀಕಿನ ಕೆಳಗೆ ಬಣ್ಣದ ಚುಕ್ಕೆಗಳಿದ್ದವು, ಅಷ್ಟೇ. ಸ್ಕ್ರೀನ್ ರೀಡರ್ ಅದನ್ನು "ಚಿತ್ರ, ಚಿತ್ರ, ಚಿತ್ರ" ಎಂದು ಓದಿ ಸುಮ್ಮನಾಗುತ್ತಿತ್ತು. ಮೂರು ಸಲ ತಪ್ಪು ಡಬ್ಬ ಇಟ್ಟಿದ್ದರು. ಮೂರು ಸಲವೂ ಪಕ್ಕದ ಮನೆಯವರು ಸದ್ದಿಲ್ಲದೆ ಅದನ್ನು ಎಳೆದು ವಾಪಸ್ಸು ತಂದಿಟ್ಟಿದ್ದರು. ಆ ಸದ್ದಿಲ್ಲದ ಉಪಕಾರ ಅವರಿಗೆ ಚುಚ್ಚುತ್ತಿತ್ತು.

"ಸುಶೀಲಾ ಓದಿ ಹೇಳ್ತಾಳಮ್ಮ, ಅದಲ್ಲ ವಿಷ್ಯ" ಎಂದರಂತೆ. "ಕಾರ್ ಹೋಯ್ತು. ಪೇಪರ್ ಓದೋದು ಹೋಯ್ತು. ಬ್ಯಾಂಕ್ ಕೆಲ್ಸ ಮಗಳ ಕೈಗೆ ಹೋಯ್ತು. ಈ ಮನೇಲಿ ನನ್ನ ಡಿಪಾರ್ಟ್‌ಮೆಂಟ್ ಅಂತ ಉಳಿದಿರೋದು ಕಸ ಒಂದೇ. ಅದನ್ನೂ ಕಿತ್ಕೋಬೇಡಿ."

ಕರೆ ಮುಗಿದ ಮೇಲೆ ರೇಹಾನಾ ಹತ್ತು ನಿಮಿಷ ಮುಂದಿನ ಕರೆ ಎತ್ತಲಿಲ್ಲ. ಕಾಲ್ ಸೆಂಟರಿನಲ್ಲಿ ಅದು ದೊಡ್ಡ ಅಪರಾಧ.

ಮ್ಯಾನೇಜರ್‌ ಬೆನ್ನು ಬಿದ್ದು ವೆಬ್‌ಸೈಟ್ ಸರಿಪಡಿಸಲೆಂದು ಪ್ರತಿ ಶುಕ್ರವಾರ ಎರಡು ಗಂಟೆ ಬಿಡುವು ಗಿಟ್ಟಿಸಿದರು. ಸ್ಕ್ರೀನ್ ರೀಡರ್ ತಾವೇ ಕಲಿತರು. ಈ ವಾರದ ಡಬ್ಬ ಯಾವುದೆಂದು ತಿಳಿಯಲು, ಮೌಸಿಲ್ಲದೆ ಪುಟದಲ್ಲಿ ಮುಂದೆ ಸಾಗಿಸುವ ಟ್ಯಾಬ್ ಕೀಯನ್ನು ಮೂವತ್ತೊಂಬತ್ತು ಸಲ ಒತ್ತಬೇಕಿತ್ತು, ಒತ್ತಿದರೂ ಸಿಗುತ್ತಿದ್ದದ್ದು "ಚಿತ್ರ". ಕಂಪನಿಯ ವೆಬ್‌ಸೈಟ್ ಕಟ್ಟಿಕೊಡುವುದು ಪಕ್ಕದ ಊರು ಬೆಲ್‌ವ್ಯೂನಲ್ಲಿ ಕೂತ ಪೃಥ್ವಿ ಎಂಬ ಡೆವಲಪರ್, ಅವರೂ ಬೆಂಗಳೂರಿನವರೇ. "ಇದು ಎಷ್ಟು ಜನಕ್ಕೆ ಬೇಕಾಗುತ್ತೆ ರೇಹಾನಾ ಅವ್ರೇ?" ಎಂದು ಕೇಳಿದರಂತೆ. "ಒಬ್ರ ಹೆಸ್ರು ನಂಗೊತ್ತು. ಶುರು ಮಾಡೋಕೆ ಸಾಕಲ್ವಾ?" ಎಂದರು ಇವರು.

ಹಾಗೆಂದು ರೇಹಾನಾ ತಪ್ಪೇ ಮಾಡಲಿಲ್ಲ ಎಂದು ತಿಳಿಯಬೇಡಿ. ಚಿತ್ರಗಳಿಗೆಲ್ಲ ವಿವರಣೆ ಬರೆದರೆ ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ ಎಂದು ತಿಳಿದದ್ದೇ ತಡ, ಇವರು ಕೂತು ಬರೆದೇ ಬರೆದರು. ಅಲಂಕಾರಕ್ಕೆ ಹಾಕಿದ ದೇವದಾರು ಮರಕ್ಕೂ ವರ್ಣನೆ, ನಗುವ ಡ್ರೈವರ್‌ಗೂ ವರ್ಣನೆ, ಆಕಾಶದ ಮೋಡಕ್ಕೂ ವರ್ಣನೆ. ಮನೆಗೆ ಬಂದವರ ಎಲೆಗೆ ಬೇಡ ಬೇಡ ಎಂದರೂ ಬಡಿಸುವ ನಮ್ಮ ಚಟ ಎಲ್ಲಿಗೆ ಹೋದೀತು! ವಾರದೊಳಗೆ ಗೋವಿಂದರಾಜು ಅವರ ಕರೆ ಬಂತು.

"ಏನಮ್ಮಾ, ನಾಲ್ಕು ನಿಮಿಷ ಆಯ್ತು, ಇನ್ನೂ ಮರದ ವರ್ಣನೆನೇ ಮುಗ್ದಿಲ್ಲ. ನಾನು ಕಾವ್ಯ ಕೇಳೋಕೆ ಬಂದಿಲ್ಲಮ್ಮ, ಕಸ ಹಾಕೋಕೆ ಬಂದಿದೀನಿ!"

ಇಬ್ಬರೂ ಹೊಟ್ಟೆ ತುಂಬ ನಕ್ಕರಂತೆ. ರೇಹಾನಾ ಮಾತ್ರ ಆಮೇಲೆ ನಾಚಿಕೆಯಿಂದ ಕುಗ್ಗಿದರು. "ಬಡಿಸೋದು ಗೊತ್ತಿತ್ತು ನಂಗೆ, ಸಾಕು ಅಂದಾಗ ನಿಲ್ಸೋದು ಗೊತ್ತಿರ್ಲಿಲ್ಲ. ಏನು ಹೇಳ್ಬಾರ್ದು ಅನ್ನೋದೇ ಈ ಕೆಲ್ಸದಲ್ಲಿ ಅರ್ಧ" ಎನ್ನುತ್ತಾರೆ. ಬರೆದದ್ದರಲ್ಲಿ ಮುಕ್ಕಾಲು ಭಾಗ ಅಳಿಸಿದರು. ಈಗ ಕ್ಯಾಲೆಂಡರ್ ನೇರವಾಗಿ ಹೇಳುತ್ತದೆ: ಗುರುವಾರ, ಬೂದು, ಹಸಿರು, ನೀಲಿ. ಟ್ಯಾಬ್ ಆರು ಸಲ ಒತ್ತಿದರೆ ಸಾಕು.

ಇಂದು ಅದೇ ಅವರ ಪೂರ್ತಿ ಕೆಲಸ. ದಿನಕ್ಕೆ ನಲವತ್ತು ಪುಟ. ಕೈ ನಡುಗುವವರಿಗೆ ಬಟನ್ ದೊಡ್ಡದಾಗಿದೆಯೇ, ಅಕ್ಷರ ಹಿಗ್ಗಿಸಿ ಓದುವವರಿಗೆ ಸಾಲು ಮುರಿಯುತ್ತಿದೆಯೇ, ಕಿವಿ ಕೇಳದವರು ಫೋನ್ ಮಾಡದೆ ದೂರು ಕೊಡಬಹುದೇ ಎಂದು ಒಂದೊಂದನ್ನೂ ನೋಡುತ್ತಾರೆ. ಕಂಪನಿಯ ವಾರ್ಷಿಕ ಸಭೆಯಲ್ಲಿ ಡ್ರೈವರ್‌ಗಳಿಗೆ ಚಪ್ಪಾಳೆ ಸಿಗುತ್ತದೆ, ಸಿಗಲೇಬೇಕು. ರೇಹಾನಾ ಅವರ ಹೆಸರು ಯಾರಿಗೂ ನೆನಪಾಗುವುದಿಲ್ಲ. ಇದನ್ನು ಬರೆಯುವಾಗ ಸ್ವಲ್ಪ ಸಿಟ್ಟೇ ಬರುತ್ತದೆ. ಅವರಿಗೆ ಮಾತ್ರ ಬಂದಂತಿಲ್ಲ.

ಸಿಟ್ಟು ಅವರಿಗೂ ಬಂದದ್ದು ಒಮ್ಮೆ, ಹೋದ ವರ್ಷ, ವೆಬ್‌ಸೈಟಿಗೆ ಹೊಸ ರೂಪ ಕೊಟ್ಟಾಗ. ಬಣ್ಣದ ಚುಕ್ಕೆಗಳು ಸದ್ದಿಲ್ಲದೆ ವಾಪಸ್ಸು ಬಂದಿದ್ದವು. ಒಳಗೆ ಹೋಗುವ ಮುನ್ನ, ನೀವು ಮನುಷ್ಯರೆಂದು ತೋರಿಸಲು ಲಾರಿ ಇರುವ ಚಿತ್ರಗಳನ್ನು ಆರಿಸಿ ಎಂಬ ಒಗಟು ಬೇರೆ. ಗೋವಿಂದರಾಜು ಅವರ ಇಲಾಖೆ ಇನ್ನೊಮ್ಮೆ ಅವರ ಕೈತಪ್ಪುವುದರಲ್ಲಿತ್ತು. ಬಿಡುಗಡೆಗೆ ನಾಲ್ಕು ದಿನ ಉಳಿದಿತ್ತು. ಒಪ್ಪಿಗೆಯ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ಟಿಕ್ ಬಿತ್ತು, ರೇಹಾನಾ ಹೆಸರಿನ ಮುಂದೆ ಬೀಳಲಿಲ್ಲ.

ಮ್ಯಾನೇಜರ್, ಪೃಥ್ವಿ ಸೇರಿದಂತೆ ಆರು ಜನರನ್ನು ರೇಹಾನಾ ಮೀಟಿಂಗ್ ರೂಮಿನಲ್ಲಿ ಕೂರಿಸಿದರು. ಎಲ್ಲರ ಮೌಸನ್ನೂ ಒಂದು ಪೆಟ್ಟಿಗೆಗೆ ಹಾಕಿಸಿ, ಪರದೆ ಆರಿಸಿ, ಹೆಡ್‌ಫೋನ್ ಕೊಟ್ಟರು. "ಈ ವಾರ ನೀಲಿಯಾ ಅಲ್ವಾ, ಅಷ್ಟು ಹೇಳಿ ಎದ್ದು ಹೋಗಿ" ಎಂದರು. ಇಪ್ಪತ್ತು ನಿಮಿಷ ಯಾರೂ ಏಳಲಿಲ್ಲ. ಕಡೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟವರು ಪೃಥ್ವಿ. "ನಾನೇ ಕಟ್ಟಿದ ಮನೆ, ನಂಗೇ ಬಾಗ್ಲು ಸಿಗ್ತಿಲ್ಲ" ಎಂದರಂತೆ. ಬಿಡುಗಡೆ ಒಂಬತ್ತು ದಿನ ಮುಂದಕ್ಕೆ ಹೋಯಿತು. ಚುಕ್ಕೆಯ ಜಾಗಕ್ಕೆ ಅಕ್ಷರ ಬಂತು, ಒಗಟು ಹೋಯಿತು. ಆಮೇಲೆ ರೇಹಾನಾ ಟಿಕ್ ಹಾಕಿದರು.

ವಿಚಿತ್ರವೆಂದರೆ, ಅಂದಿನಿಂದ ಗೋವಿಂದರಾಜು ಅವರ ಕರೆ ನಿಂತುಹೋಯಿತು. ತಿಂಗಳಿಗೊಮ್ಮೆ ಬೈಯಲಾದರೂ ಫೋನ್ ಮಾಡುತ್ತಿದ್ದವರು. ಊಟಕ್ಕೆ ಬಾಮ್ಮ ಎಂದು ವಿಳಾಸ ಕೊಟ್ಟಿದ್ದವರು, ಇವರು ಒಮ್ಮೆಯೂ ಹೋಗಿರಲಿಲ್ಲ. ಎಂಟು ತಿಂಗಳಾಯಿತು. ಎಪ್ಪತ್ತಾರರ ವಯಸ್ಸು. "ಕಾಲ್ ಮಾಡೋಕೆ ಧೈರ್ಯ ಬರ್ಲಿಲ್ಲ. ಸುಶೀಲಮ್ಮ ಎತ್ಕೊಂಡು ಏನಾದ್ರೂ ಹೇಳ್ಬಿಟ್ರೆ?" ಎನ್ನುತ್ತಾರೆ ರೇಹಾನಾ.

ಹೋದ ತಿಂಗಳ ಒಂದು ಶುಕ್ರವಾರ ತಡೆಯಲಾರದೆ ಬೆಳಗ್ಗೆ ಕಾರು ತೆಗೆದರು. ಸೋಮವಾರ ರಜೆ ಇದ್ದುದರಿಂದ ಗುರುವಾರದ ಲಾರಿ ಅಂದು ಬರುವುದಿತ್ತು. ಸಮಾಮಿಶ್‌ನ ಆ ಬೀದಿಯಲ್ಲಿ ಒಂದು ಮನೆಯ ಮುಂದೂ ಡಬ್ಬ ಇರಲಿಲ್ಲ. ತಿರುವಿನಲ್ಲಿ ಕಾರು ನಿಲ್ಲಿಸಿದರು. ಅಷ್ಟರಲ್ಲಿ ಒಂದು ಗ್ಯಾರೇಜಿನ ಬಾಗಿಲು ಮೇಲೆದ್ದಿತು. ಉಣ್ಣೆಯ ಟೋಪಿ ಹಾಕಿದ ಎತ್ತರದ ಮನುಷ್ಯರೊಬ್ಬರು ಒಂದೊಂದೇ ಡಬ್ಬವನ್ನು ಉರುಳಿಸಿಕೊಂಡು ಬಂದು, ಕಾಲಲ್ಲಿ ರಸ್ತೆಯಂಚು ತಡವಿ, ಸಾಲಾಗಿ ನಿಲ್ಲಿಸಿದರು. ಬೂದು, ಹಸಿರು, ನೀಲಿ. ಎದುರು ಮನೆಯಿಂದ ಕಾಫಿ ಲೋಟ ಹಿಡಿದವರೊಬ್ಬರು ಇಂಗ್ಲಿಷಿನಲ್ಲಿ ಕೂಗಿದರು: ರಾಜು, ಈ ವಾರ ನೀಲಿಯೇ? ಹೌದು, ನೀಲಿಯೇ, ಲಾರಿ ಇವತ್ತು ಎಂದು ಗೋವಿಂದರಾಜು ತಿರುಗಿ ಕೂಗಿದರು. ಆ ಮಾತು ಬಿದ್ದದ್ದೇ ಒಂದಾದ ಮೇಲೊಂದು ಗ್ಯಾರೇಜು ತೆರೆಯಿತು. ರೇಹಾನಾ ಎಣಿಸಿದರು. ಹನ್ನೊಂದು ಮನೆ, ಹನ್ನೊಂದು ನೀಲಿ ಡಬ್ಬ.

"ಕಾರಲ್ಲೇ ಕೂತು ಅತ್ತುಬಿಟ್ಟೆ" ಎನ್ನುತ್ತಾರೆ. ಇಳಿದು ಮಾತಾಡಿಸಲಿಲ್ಲವೇ ಎಂದರೆ ಕಣ್ಣೊರೆಸಿಕೊಂಡು ನಗುತ್ತಾರೆ.

"ಹೇಗೆ ಮಾತಾಡಿಸ್ಲಿ? ಅವರು ಡ್ಯೂಟಿ ಮೇಲಿದ್ರು."