ಗೇಣೆತ್ತರದ ಅಂಚು

ಗೆಳೆಯರೇ, ರಾಣೆಬೆನ್ನೂರಿನ ನಮ್ಮ ಅಂಗಳದಲ್ಲಿ ಏಳು ಗಿಡಗಳ ಇಂಗ್ಲಿಷ್ ಮಾದರಿಯ ಗುಲಾಬಿ ತೋಟವಿದೆ ಎಂಬುದನ್ನು ಇನ್ನು ಮುಂದೆ ನೀವು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು.

ಅನುವಾದಿತ ಕಾದಂಬರಿಗಳ ಗುಲಾಬಿ ಪಾತಿಗಳಿಗೆ ಕಡ್ಡಿಯಲ್ಲಿ ಹೆಣೆದ ಅಂಚು ಇರುತ್ತದೆ. ನನಗೂ ಬೇಕೆನಿಸಿತು. ಹತ್ತಿಕಟ್ಟಿಗೆಯ ತಟ್ಟಿ ಹೆಣೆಯುವ ಅಗಡಿಯ ಫಕ್ಕೀರಪ್ಪನನ್ನು ಇವತ್ತು ಕರೆಸಿ, ಗೇಣೆತ್ತರ ಸಾಕೆಂದು ಕೈಯಲ್ಲಿ ತೋರಿಸಿ ಕೆಲಸಕ್ಕೆ ಹೋದೆ. ಸಂಜೆ ಬಂದರೆ ಅಂಚು ನನ್ನ ಹಣೆಯವರೆಗಿತ್ತು.

“ಫಕ್ಕೀರಪ್ಪಾ, ನಾ ಗೇಣೆತ್ತರ ಅಂದಿದ್ದೆ.”

“ಗೇಣೆತ್ತರ ಹೆಣದ್ರ ಆಡು ನೋಡಿ ನಗ್ತಾವ್ರಿ ಸರ. ನಾಳೆ ಗಿಡ ತಿಂದ್ರ ಮಂದಿ ನನ್ನ ಹೆಸರ ಹೇಳ್ತಾರ.”

“ನಮ್ಮ ಓಣ್ಯಾಗ ಆಡಽ ಇಲ್ಲಲ್ಲ!”

“ತಟ್ಟಿ ಕಂಡ್ರ ಬರ್ತಾವ್ರಿ.”

“ಹೋಗ್ಲಿ, ಒಳಗ ಹೋಗಾಕ ಬಾಗಲಾ ಎಲ್ಲೈತಿ?”

“ನೀವು ಅಂಚು ಅಂದ್ರಿ. ಅಂಚಿಗೆ ಯಾರರ ಬಾಗಲಾ ಇಡ್ತಾರೇನ್ರಿ?”

ಎರಡು ವರ್ಷ ಕಾಯಿಸಿದ ಹಳದಿ ಗುಲಾಬಿ ಇವತ್ತು ಅರಳಬೇಕಿತ್ತು. ತಟ್ಟಿಯ ಸಂದಿಗೆ ಕಣ್ಣಿಟ್ಟು ಹುಡುಕುತ್ತಿದ್ದಾಗ ಪಕ್ಕದ ಮನೆಯ ಕಾಕಾ ಕೇಳಿದರು:

“ಎಷ್ಟ ಆಡು ಕಟ್ಟೀಯೋ?”

“ಏಳು, ಕಾಕಾ. ಒಂದು ಇವತ್ತಽ ಈದಿರಬೇಕು. ಮರಿ ಕಾಣವಲ್ದು.”