ತಂಬಿಗೆಯೊಳಗಿನ ಕೂಸು

ನಮ್ಮ ಮಾವನವರಷ್ಟು ನಾಚಿಕೆಯ ಗಂಡಸನ್ನು ನಾನು ಕಂಡಿಲ್ಲ. ಪಡಸಾಲೆಯಲ್ಲಿ ನಾಲ್ಕು ಹೆಂಗಸರು ಕೂತು ಮಾತಾಡುತ್ತಿದ್ದರೆ ಸಾಕು, ಬಾಗಿಲಲ್ಲೇ ಕೆಮ್ಮಿ, ಹೊರಗಿಂದ ಹೊರಗೇ ಹೊಲಕ್ಕೆ ಹೋಗಿಬಿಡುವ ಮನುಷ್ಯ. ಅಂಥವರು ನನ್ನ ಹೆರಿಗೆಯ ಪಾಠವನ್ನು ಮನೆಯ ಹೆಂಗಸರಿಗೆಲ್ಲ ಹೇಳಬೇಕಾಯಿತು!

ನಮ್ಮೂರು ಗೋಗಿಯ ಕಡೆ ಕಾಲುವೆ ನೀರು ಬಂದು, ಜೋಳದ ಹೊಲಗಳಲ್ಲಿ ಭತ್ತ ಹಚ್ಚತೊಡಗಿದ್ದ ವರ್ಷಗಳು. ನನಗೆ ಚೊಚ್ಚಲು, ಒಂಬತ್ತರಲ್ಲಿ ಬಿದ್ದಿತ್ತು. ನನ್ನ ಗಂಡ ಭತ್ತದ ಲಾರಿ ಹತ್ತಿ ರಾಯಚೂರಿಗೆ ಹೋಗಿದ್ದರು, ಅತ್ತೆಗೆ ಮೊಣಕಾಲು ನೋವು. ಹೀಗಾಗಿ ಶಹಾಪುರದ ದವಾಖಾನೆಗೆ ನನ್ನನ್ನು ಕರೆದೊಯ್ಯುವ ಕೆಲಸ ಮಾವನವರ ಪಾಲಿಗೆ ಬಂತು. ಬಸ್ಸಿನಲ್ಲಿ ನಾನು ಮುಂದೆ, ಅವರು ಕಟ್ಟಕಡೆಯ ಸೀಟಿನಲ್ಲಿ. ನೋಡಿದವರು ಒಂದೇ ಮನೆಯವರೆನ್ನುವಂತಿರಲಿಲ್ಲ.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, ಮಾವನವರನ್ನು ಒಳಗೆ ಕರೆಸಿದರು. "ಕೂಸು ಕುಂಡಿ ಕೆಳಗ, ತಲಿ ಮ್ಯಾಲ ಮಾಡಿ ಕುಂತದ. ಈ ಹೊತ್ತಿಗೆ ತಲಿ ಕೆಳಗ ಬಂದಿರಬೇಕಿತ್ತು. ಇನ್ನೂ ತಿರುಗಬಹುದು, ತಿರುಗದೆನೂ ಇರಬಹುದು. ಮನ್ಯಾಗ ಹೊಟ್ಟಿ ತಿಕ್ಕಿ ತಿರುಗಸಾಕ ಹೋಗಬ್ಯಾಡ್ರಿ. ಹೆರಿಗಿ ದವಾಖಾನ್ಯಾಗೇ ಆಗಬೇಕು."

ಮಾವನವರ ಹಣೆ ಬೆವೆತಿತ್ತು. ಆದರೂ ಓಡಿಹೋಗಲಿಲ್ಲ. "ಹಂಗೇ ಬಂದ್ರ ಏನಾಗ್ತದ್ರಿ?" ಎಂದು ನೆಲವನ್ನೇ ಕೇಳಿದರು.

"ಮೈ ಮೊದಲ ಬಂದು ತಲಿ ಹಿಂದ ಸಿಕ್ಕಿಬೀಳಬಹುದ್ರಿ. ಹೊಕ್ಕಳ ಬಳ್ಳಿ ಒತ್ತಿದ್ರ ಕೂಸಿಗೆ ಉಸುರು ಸಾಲೂದಿಲ್ಲ."

ಎಲ್ಲ ತಿಳಿಯುವವರೆಗೂ ಅವರು ಕೇಳಿದ್ದನ್ನೇ ಮತ್ತೆ ಕೇಳಿದರು. ಕೊನೆಗೆ ಡಾಕ್ಟರಮ್ಮನೇ ನಕ್ಕುಬಿಟ್ಟರು.

ಮನೆಗೆ ಬಂದರೆ ಅವ್ವ ಕೂತಿದ್ದಾಳೆ! ನನ್ನನ್ನು ಕರೆದೊಯ್ಯಲೆಂದೇ ಹುಣಸಗಿಯಿಂದ ಬಂದಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ, ನಾನು ಹುಟ್ಟಿದ ಕೋಣೆಯಲ್ಲೇ ಆಗಬೇಕೆಂಬುದು ಅವಳ ಹಟ. ವಿಷಯ ಕೇಳಿ, "ಅಷ್ಟೇ ಹೌದಿಲ್ಲೋ! ನಮ್ಮೂರ ಮುದುಕಿ ಎಣ್ಣಿ ಹಚ್ಚಿ ತಿಕ್ಕಿ ತಿರುಗಸ್ತಾಳ, ನಡಿ" ಎಂದು ನನ್ನ ಸೀರೆ ಮಡಚತೊಡಗಿದಳು. ಅತ್ತೆಯೂ ಅವಳ ಪಕ್ಷ. ಕೂಸು ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆ ನನಗೆ. ಬಾಯಿ ಬಿಟ್ಟು ಹೇಳಲಾಗದೆ ಗೋಡೆಗೆ ಆತು ಕೂತೆ.

ಮಾವನವರು ಈ ಸಲ ಕೆಮ್ಮದೆಯೇ ಒಳಗೆ ಬಂದರು. "ಬೀಗರ, ಜರಾ ತಡೀರಿ. ಕರು ಹಿಂಗಾಲಿಂದ ಬಂದ್ರ ಎಷ್ಟು ಪಜೀತಿ ಆಗ್ತದ, ನೀವೇ ನೋಡೀರಿ."

"ಥೂ, ಸೊಸಿನ್ನ ಎಮ್ಮಿ ಮಾಡಿದ್ರೇನ್ರಿ!" ಎಂದು ಅತ್ತೆ ಸಿಡಿದರು.

ಮಾವನವರು ಹೆಗಲ ಮೇಲಿನ ಟವೆಲ್ಲಿನ ತುದಿಗೆ ಒಂದು ಗಂಟು ಹಾಕಿ, ಆ ಗಂಟನ್ನು ಹಿತ್ತಾಳೆಯ ತಂಬಿಗೆಯೊಳಗೆ ಹೆಬ್ಬೆರಳಿನಿಂದ ಒತ್ತಿ ತುರುಕಿದರು. ಉಳಿದ ಅರಿವೆಯನ್ನು ಅದರ ಮೇಲೆ ತುಂಬಿ ಅವ್ವನ ಮುಂದಿಟ್ಟರು. "ಗಂಟು ತಲಿ, ಉಳಿದದ್ದು ಮೈ. ಎಳೀರಿ."

ಅವ್ವ ನಗುತ್ತಲೇ ಎಳೆದಳು. ಅರಿವೆ ಸರಸರ ಬಂತು, ಗಂಟು ತಂಬಿಗೆಯ ಕೊರಳಲ್ಲಿ ಸಿಕ್ಕಿತು. ಜೋರಾಗಿ ಎಳೆದಳು. ತಂಬಿಗೆಯೇ ಮೇಲೆದ್ದು ಬಂತು, ಗಂಟು ಬರಲಿಲ್ಲ. ಅವಳ ನಗು ನಿಂತಿತು.

"ಹೆರಿಗಿ ದವಾಖಾನ್ಯಾಗ ಆಗ್ಲಿ, ಬಾಣಂತನ ನಿಮ್ಮದ. ಐದು ತಿಂಗಳು ಇಟ್ಕೊರ್ರಿ" ಎಂದ ಮಾವನವರು ನನ್ನ ಕಡೆ ತಿರುಗಿ, "ನೀ ಏನಂತೀಯವ್ವಾ?" ಎಂದರು. ಅಷ್ಟೊತ್ತೂ ಯಾರೂ ನನ್ನನ್ನು ಕೇಳಿರಲಿಲ್ಲ. "ದವಾಖಾನಿಗೇ ಹೋಗ್ತೀನ್ರಿ" ಎಂದೆ. ಅಬ್ಬಾ, ನನಗೂ ಅಷ್ಟು ದೊಡ್ಡ ದನಿ ಇತ್ತು!

ಕೂಸು ತಿರುಗಲೇ ಇಲ್ಲ. ಡಾಕ್ಟರಮ್ಮ ಯಾದಗಿರಿಗೆ ಕಳಿಸಿದರು, ಅಲ್ಲಿ ಆಪರೇಷನ್ ಮಾಡಿ ತೆಗೆದರು. ಹೆಣ್ಣು. ಒಳಗೆ ಹೇಗೆ ಕೂತಿದ್ದಳೋ ಹಾಗೆಯೇ ಎರಡೂ ಕಾಲು ಮುಖದತ್ತ ಎತ್ತಿಕೊಂಡಿದ್ದಳು, ಎಷ್ಟು ಸುತ್ತಿದರೂ ಮತ್ತೆ ಎತ್ತುವಳು ಭಂಡಿ. ಅಲ್ಲಿನ ಡಾಕ್ಟರು ಸೊಂಟದ ಕೀಲು ನೋಡಿ, ಏನೂ ಆಗಿಲ್ಲ, ದಿನ ಕಳೆದಂತೆ ಕಾಲುಗಳು ತಾವೇ ಇಳಿಯುತ್ತವೆ ಎಂದರು.

ನನಗೆ ಎಚ್ಚರವಾದಾಗ ಅವ್ವ ಪಕ್ಕದಲ್ಲಿ ಕೂತು ಅಳುತ್ತಿದ್ದಳು. ಹೆಣ್ಣೆಂದು ಅಳುತ್ತಿದ್ದಾಳೆಂದು ಸಿಟ್ಟು ನೆತ್ತಿಗೇರಿತು. "ಹೆಣ್ಣಾದ್ರೇನೀಗ?" ಎಂದೆ.

"ಅದಕ್ಕಲ್ಲವ್ವಾ" ಎಂದು ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನರ್ಸ್ ಹೊರಗ ಬಂದ ಕೂಡ್ಲೆ, ಕೂಸು ಗಂಡೋ ಹೆಣ್ಣೋ ಅಂತ ಕೇಳಿದೆ, ನಾ, ನಿನ್ನ ಹಡೆದಾಕಿ. ನಿಮ್ಮ ಮಾವ ಕೇಳಿದ್ರು, ಸೊಸಿ ಹೆಂಗದಾಳ ಅಂತ."