ಎಂಬತ್ತು ಸೆಕೆಂಡಿನ ಮೇಷ್ಟ್ರು

ಚಿಕ್ಕಹನುಮಂತಪ್ಪ ಮೇಷ್ಟ್ರ ಬಗ್ಗೆ ಬರೆಯಲು ಕಾರಣ ಇಷ್ಟೇ. ತಾವು ಕಣ್ಣಾರೆ ಕಾಣದ ಅಂಕಿಯನ್ನು ಅವರು ಒಮ್ಮೆಯೂ ಬರೆಯಲಿಲ್ಲ. ಅದಕ್ಕಾಗಿ ಒಂಟಿಯಾದರು.

೧೯೮೧ರಲ್ಲಿ ಅವರು ಜಗಳೂರು ಕಡೆಯ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರು. ನಾನು ಲ್ಯಾಬಿನ ಅಟೆಂಡರ್. ಸ್ಟಾಫ್ ರೂಮಿಗೆ ಚಹಾ ಬಂದರೆ ಅವರು ಎದ್ದು ಲ್ಯಾಬಿಗೆ ಬರುತ್ತಿದ್ದರು. ಅಲ್ಲೇ ಕೂತು ಊಟ ಮಾಡುತ್ತಿದ್ದರು.

ಹೈಪೋ ಎಂಬ ಉಪ್ಪಿನ ನೀರಿಗೆ ಆಸಿಡ್ ಹಾಕಿದರೆ ಮೆಲ್ಲಗೆ ಬೆಳ್ಳಗಾಗುತ್ತದೆ. ಬೀಕರಿನ ಕೆಳಗೆ ಕಾಗದದ ಮೇಲೆ ಬರೆದ ಇಂಟು ಮಾರ್ಕು ಮರೆಯಾಗಲು ಎಷ್ಟು ಸೆಕೆಂಡು ಬೇಕೋ ನೋಡಬೇಕು. ಹೈಪೋ, ಆಸಿಡ್ ಒಂದೊಂದನ್ನೇ ಹೆಚ್ಚುಕಡಿಮೆ ಮಾಡಿ, ವೇಗ ಯಾವುದರಿಂದ ಬದಲಾಗುತ್ತದೆಂದು ಹೇಳಬೇಕು. ಹುಡುಗರು ಹಳೇ ರೆಕಾರ್ಡ್ ನೋಡಿ ಬರೆದುಬಿಡುತ್ತಿದ್ದರು. ಮೇಷ್ಟ್ರು ಬಿಡಲಿಲ್ಲ, ನನ್ನನ್ನು ಕೂರಿಸಿಕೊಂಡು ತಾವೇ ಮಾಡಿ ನೋಡಿದರು.

ಗಟ್ಟಿ ಹೈಪೋಗೆ ನಲವತ್ತು ಸೆಕೆಂಡು ಹಿಡಿಯಿತು. ಅರ್ಧಕ್ಕರ್ಧ ನೀರು ಬೆರೆಸಿದರೆ ಪುಸ್ತಕದ ಪ್ರಕಾರ ಎಂಬತ್ತು ಬರಬೇಕು. ಮೂರು ದಿನವೂ ನಲವತ್ತೆಂಟೇ ಬಂತು.

"ಏನ್ರೀ, ಪುಸ್ತಕ ಬರೆದೋನಿಗಿಂತ ನಿಮ್ಮ ಗಡಿಯಾರ ಶಾಣ್ಯಾ ಐತೇನ್ರೀ?" ಎಂದು ಗಣಿತದ ಮಹೇಶ್ವರಪ್ಪ ಮೇಷ್ಟ್ರು ನಕ್ಕರು. ಸೋಮವಾರ ಪರೀಕ್ಷೆ. ಅಷ್ಟರೊಳಗೆ ಸರಿಬರದಿದ್ದರೆ ಹಳೆಯದನ್ನೇ ಬರೆಸಿ ಎಂದು ಪ್ರಿನ್ಸಿಪಾಲರು ಹೇಳಿದರು.

ಶನಿವಾರ ಮಧ್ಯಾಹ್ನ ನಾನು ತಂದ ನೀರಿಗೆ ಮೇಷ್ಟ್ರು ಬೆರಳದ್ದಿದರು.

"ನಾಗರಾಜಪ್ಪ, ಇದು ಎಲ್ಲಿ ನೀರು?"

"ಮಡಕೆ ಖಾಲಿ ಆಗಿತ್ರೀ ಸರ್. ಮಾಳಿಗೆ ಮ್ಯಾಲಿನ ತೊಟ್ಟಿದು."

"ದಿನಾ ಹಿಂಗೇನಾ?"

"ಹೂಂ ರೀ. ಮುಂಜಾನೆ ಮಡಕೇದು, ಮಧ್ಯಾಹ್ನ ತೊಟ್ಟೀದು."

ಗಟ್ಟಿ ಹೈಪೋ ಮುಂಜಾನೆ ಮಾಡುತ್ತಿದ್ದೆವು, ತೆಳುವಾದದ್ದು ಮಧ್ಯಾಹ್ನ. ಬಿಸಿಲಿಗೆ ಕಾದ ತೊಟ್ಟಿಯ ನೀರಿನ ಬಿಸಿ ವೇಗ ಹೆಚ್ಚಿಸಿ ಲೆಕ್ಕ ಕೆಡಿಸಿತ್ತು. ಅವರು ಬೈಯಲಿಲ್ಲ. "ನಾಳೆ ಎರಡು ಮಡಕೆ ತುಂಬಿಸ್ರಿ" ಎಂದರು.

ಭಾನುವಾರ ಇಬ್ಬರೇ ಇದ್ದೆವು. ನಲವತ್ತು. ಆಮೇಲೆ ಎಂಬತ್ತು. ಗಟ್ಟಿ ಹೈಪೋಗೆ ಆಸಿಡ್ ಎರಡರಷ್ಟು ಮಾಡಿದರೂ ಮೊದಲಿನ ನಲವತ್ತೇ. ವೇಗ ಹೈಪೋ ಹಿಂದೆ ಹೋಗುತ್ತದೆ, ಆಸಿಡ್ಡಿನ ಹಿಂದೆ ಅಲ್ಲ. ಅದನ್ನು ಅವರು ಬೋರ್ಡಿನ ಮೇಲೆ ಬರೆದರು.

ಸೋಮವಾರ ನೋಡಿದರೆ ಹುಡುಗರೆಲ್ಲ ಶನಿವಾರವೇ ಹಳೇ ರೆಕಾರ್ಡ್ ಇಳಿಸಿಕೊಂಡಿದ್ದರು.

"ಹಳೇ ರೆಕಾರ್ಡಿಂದೇ ಬಂತಲ್ರೀ! ಸುಮ್ನೆ ನಾಕು ದಿನ ಹಾಳು ಮಾಡಿದ್ರಿ" ಎಂದರು ಮಹೇಶ್ವರಪ್ಪ ಮೇಷ್ಟ್ರು.

"ಅದೇ ಬಂತು ರೀ. ಮದ್ಲು ಯಾಕೆ ಬರ್ಲಿಲ್ಲ ಅನ್ನೋದೂ ಗೊತ್ತಾತು."

ಯಾಕೆ ಎಂದು ಯಾರೂ ಕೇಳಲಿಲ್ಲ. ನೀರು ತಂದವನು ನಾನೆಂದು ಅವರೂ ಹೇಳಲಿಲ್ಲ. ಬೋರ್ಡನ್ನು ತಾವೇ ಒರೆಸಿದರು.

ಈಗ ಹೊನ್ನಾಳಿಯಲ್ಲಿದ್ದಾರೆ, ಬಸ್ ಸ್ಟ್ಯಾಂಡ್ ಹಿಂದೆ ಒಂದೇ ಕೋಣೆ. ಆ ಕಡೆ ಹೋದರೆ ದಯವಿಟ್ಟು ಒಂದು ಗಳಿಗೆ ಅವರ ಹತ್ತಿರ ಕೂತು, ಮೊದಲು ಯಾಕೆ ಸರಿಬರಲಿಲ್ಲ ಎಂದು ಕೇಳಿ.